ಎರಡನೆಯ ಸಲ ಹೇಳಿದ ಮಾತು

ನಮ್ಮ ಮನೆಯಲ್ಲಿ ಒಂದು ಮಾತನ್ನು ಎರಡು ಸಲ ಹೇಳುವ ಪದ್ಧತಿ ಇರಲಿಲ್ಲ. ಒಂದೇ ಸಲ ಹೇಳುವ ಈ ನಿಯಮ ತಂದವಳು ನಾನು.

ನಾನು ಅದನ್ನು ಕಲಿತದ್ದು ಹನ್ನೊಂದನೆಯ ವಯಸ್ಸಿನಲ್ಲಿ, ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ. ಅಲ್ಲಿ ಐದಕ್ಕೆ ಗಂಟೆ, ಐದೂಕಾಲಿಗೆ ಸ್ನಾನದ ಸಾಲು, ಆರಕ್ಕೆ ಪ್ರಾರ್ಥನೆ. ವಾರ್ಡನ್ ಅಮ್ಮ ಏನು ಹೇಳಿದರೂ ಒಂದೇ ಸಲ, ಅದೂ ಮೆಲ್ಲಗೆ. ಕೇಳಿಸಿಕೊಳ್ಳದವರಿಗೆ ಆ ದಿನದ ಪಾಲು ತಪ್ಪುತ್ತಿತ್ತು. ಅದು ಬಿಸಿನೀರಾಗಬಹುದು, ಮಜ್ಜಿಗೆಯಾಗಬಹುದು, ಊರಿನಿಂದ ಬಂದ ಕಾಗದವಾಗಬಹುದು. ಒಮ್ಮೆ ಅಮ್ಮನ ಕಾಗದ ನನಗೆ ಒಂದು ವಾರ ತಡವಾಗಿ ಸಿಕ್ಕಿತು. ಅಂದಿನಿಂದ ಕಿವಿ ಚುರುಕಾಯಿತು. ಟೀಚರ್ ಆದ ಮೇಲೆ ಅದೇ ನಿಯಮವನ್ನು ತರಗತಿಗೆ ತಂದೆ. ಹಾಜರಿ, ಪಾಠ, ಮನೆಗೆಲಸ, ಎಲ್ಲವೂ ಒಂದೇ ಸಲ. ಮಕ್ಕಳು ನನ್ನ ಬೆನ್ನ ಹಿಂದೆ 'ಒಂದ್ಸಲ ಟೀಚರ್' ಎನ್ನುತ್ತಿದ್ದರು. ನನಗೆ ಗೊತ್ತಿತ್ತು. ಒಳಗೊಳಗೆ ಹೆಮ್ಮೆಯೂ ಇತ್ತು.

ಮದುವೆಯಾದದ್ದು ತಡವಾಗಿ, ಮೂವತ್ತಮೂರಕ್ಕೆ. ಅವರು ಭದ್ರಾವತಿಯ ಒಂದು ಸಣ್ಣ ಖಾಸಗಿ ಎರಕದ ಕಾರ್ಖಾನೆಯಲ್ಲಿದ್ದರು. ಶಿವಮೊಗ್ಗದ ಕೋಟೆಯಲ್ಲಿ, ನನ್ನ ಶಾಲೆಗೆ ಹತ್ತು ನಿಮಿಷ ನಡೆಯುವಷ್ಟು ದೂರದಲ್ಲಿ ಬಾಡಿಗೆ ಮನೆ ಹಿಡಿದೆವು. ಮುಂದೆ ಜಗಲಿ, ಹಿಂದೆ ಬಾವಿ, ನಡುವೆ ಮೂರು ಕೋಣೆ. ಅವರು ಬೆಳಿಗ್ಗೆ ಆರೂಹತ್ತರ ಬಸ್ಸಿಗೆ ಹೋಗಿ ಸಂಜೆ ಐದೂವರೆಗೆ ಬರುತ್ತಿದ್ದರು. ಮಕ್ಕಳಾಗಲಿಲ್ಲ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಅದು ಇಬ್ಬರೇ ಇದ್ದ ಮನೆ ಎಂದು ತಿಳಿದರೆ ಸಾಕು. ಇಬ್ಬರೇ ಇರುವ ಮನೆಯಲ್ಲಿ ಒಬ್ಬರು ಮಾತು ನಿಲ್ಲಿಸಿದರೆ ಅರ್ಧ ಮನೆಗೆ ಬೀಗ ಹಾಕಿದಂತೆ.

ಅವರ ಕೆಲಸ ಕ್ರೇನಿನ ಕೆಳಗೆ ನಿಂತು ಕೈಸನ್ನೆ ಮಾಡುವುದು. ಮೇಲೆ ಕ್ರೇನು ನಡೆಸುವವನು ಗೂಡಿನಂಥ ಡಬ್ಬಿಯಲ್ಲಿ ಕೂತಿರುತ್ತಾನೆ. ಕರಗಿದ ಕಬ್ಬಿಣ ತುಂಬಿದ ದೊಡ್ಡ ಬಕೆಟ್ಟು ಅವನ ಕೊಕ್ಕೆಯಲ್ಲಿ ತೂಗುತ್ತಿರುತ್ತದೆ. ಆ ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳುವುದಿಲ್ಲ. ಎಷ್ಟು ಎತ್ತಬೇಕು, ಎಷ್ಟು ಇಳಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನೆಲ್ಲ ಕೆಳಗಿನವನ ಎರಡು ಕೈಗಳು ಹೇಳಬೇಕು. ಹೊಸದರಲ್ಲಿ ಅವರು ನನಗೆ ಇದನ್ನು ಜಗಲಿಯ ಮೇಲೆ ನಿಂತು ಮಾಡಿ ತೋರಿಸಿದ್ದರು. ನಾನು ನಕ್ಕು, "ಸಾಕು, ಬೀದೀಲಿ ಹೋಗೋರು ಬೇರೆ ಏನೋ ಅಂದ್ಕೊಳ್ತಾರೆ" ಎಂದು ಒಳಗೆ ಕರೆದಿದ್ದೆ. ಒಂದು ಸನ್ನೆಯನ್ನೂ ನೆನಪಿಟ್ಟುಕೊಂಡಿರಲಿಲ್ಲ.

ಸಂಜೆ ಬಂದವರು ಕೈಕಾಲು ತೊಳೆದು, ವಿಭೂತಿ ಧರಿಸಿ, ಜಗಲಿಯ ಕಂಬಕ್ಕೆ ಒರಗುತ್ತಿದ್ದರು. ನಾನು ಎರಡು ಲೋಟ ಕಾಫಿ ತರುತ್ತಿದ್ದೆ. ದಿನವೂ ಅದೇ ಪ್ರಶ್ನೆ.

"ಏನ್ ಮಾರಾಯ್ತಿ, ಇವತ್ತು ಎಷ್ಟು ಜನರನ್ನ ಬೆಂಚ್ ಮೇಲೆ ನಿಲ್ಲಿಸಿದೆ?"

"ಮೂರು."

"ಬರೀ ಮೂರಾ? ಮೈ ಹುಷಾರಿಲ್ವಾ?"

ಹೊರಗೆ ನಗದಿದ್ದರೂ ನನಗೆ ಆ ಪ್ರಶ್ನೆ ಬೇಕಿತ್ತು. ಮಧ್ಯಾಹ್ನ ಮೂರರ ಹೊತ್ತಿಗೇ, ಮಗ್ಗಿ ಒಪ್ಪಿಸಿಕೊಳ್ಳುತ್ತ, ಇವತ್ತು ಏನು ಉತ್ತರ ಕೊಡಬೇಕು ಎಂದು ಯೋಚಿಸುತ್ತಿದ್ದೆ.

ತೊಂಬತ್ತರ ದಶಕ ಶುರುವಾಗಿ ಕೆಲವು ವರ್ಷ ಕಳೆದಿತ್ತು. ಆ ಪ್ರಶ್ನೆ ನಿಂತಿತು. ಯಾವ ದಿನ ನಿಂತಿತೆಂದು ಹೇಳಲಾರೆ. ಶಾಲೆಯಲ್ಲಿ ಯಾವ ಮಗು ಯಾವ ದಿನ ಬರಲಿಲ್ಲ ಎಂದು ಪುಸ್ತಕ ತೆರೆಯದೆ ಹೇಳಬಲ್ಲವಳು ಇದನ್ನು ಗುರುತಿಸಲಿಲ್ಲ. ಅವರು ಬರುತ್ತಿದ್ದರು, ಕಾಫಿ ಕುಡಿಯುತ್ತಿದ್ದರು, ಪೇಪರು ಹಿಡಿಯುತ್ತಿದ್ದರು. ನಾನು ಏನಾದರೂ ಹೇಳಿದರೆ "ಹೂಂ" ಎನ್ನುತ್ತಿದ್ದರು. ಆ ಹೂಂಕಾರಕ್ಕೂ ನನ್ನ ಮಾತಿಗೂ ಸಂಬಂಧವೇ ಇರುತ್ತಿರಲಿಲ್ಲ.

"ಬರ್ತಾ ಕರಿಬೇವು ತನ್ನಿ" ಎಂದು ಅಡುಗೆಮನೆಯಿಂದ ಹೇಳಿದರೆ ಬರಿಗೈಯಲ್ಲಿ ಬರುತ್ತಿದ್ದರು. ನಾನು ಮತ್ತೆ ಹೇಳುತ್ತಿರಲಿಲ್ಲ. ಕರಿಬೇವಿಲ್ಲದ ಸಾರನ್ನೇ ಬಡಿಸಿ, ಎದುರು ಕೂತು ನೋಡುತ್ತಿದ್ದೆ, ತಪ್ಪು ಗೊತ್ತಾಗುತ್ತದೆಯೋ ಎಂದು. ಅವರು ಸದ್ದಿಲ್ಲದೆ ಉಂಡು ಎದ್ದು ಹೋಗುತ್ತಿದ್ದರು. ನನ್ನ ತಮ್ಮನ ಮನೆಯ ಗೃಹಪ್ರವೇಶದ ದಿನವನ್ನು ಹೇಳಿದ್ದೆ. ಆ ದಿನ ಕಾರ್ಖಾನೆಗೆ ಹೊರಟು ನಿಂತರು. ತಡೆಯಲಿಲ್ಲ. ಒಬ್ಬಳೇ ಹೋಗಿ ಬಂದೆ. ಮೂರು ದಿನ ಮಾತಾಡಲಿಲ್ಲ. ಅವರಿಗೆ ಅದು ಶಿಕ್ಷೆ ಎಂದು ನಾನು ಎಣಿಸಿದ್ದೆ. ಆ ಮೂರು ದಿನ ಅವರಿಗೆ ಎಷ್ಟು ಆರಾಮವಾಗಿತ್ತು ಎಂದು ತಿಳಿದದ್ದು ಬಹಳ ಆಮೇಲೆ.

ನಾನು ಕಟ್ಟಿಕೊಂಡ ಲೆಕ್ಕ ಸರಳವಾಗಿತ್ತು. ಗಮನ ಕೊಡುವುದು ಅಭ್ಯಾಸದ ಮಾತು. ಕೇಳಬೇಕು ಎನ್ನಿಸಿದವರಿಗೆ ಕೇಳುತ್ತದೆ. ಇವರಿಗೆ ಕೇಳುತ್ತಿಲ್ಲ. ಅಂದರೆ ನಾನು ಇವರಿಗೆ ಬೇಡವಾಗಿದ್ದೇನೆ.

ಒಂದು ಭಾನುವಾರ ಅವರೇ ಹೇಳಿದರು: "ಭದ್ರಾವತಿ ಓಲ್ಡ್ ಟೌನಲ್ಲಿ ಒಂದು ರೂಮು ನೋಡಿದೀನಿ. ನಮ್ಮ ಕ್ರೇನ್ ಡ್ರೈವರ್ ಮನೆ ಹಿಂದ್ಗಡೆ. ದಿನಾ ಬಸ್ಸಲ್ಲಿ ಓಡಾಡೋಕೆ ಆಗ್ತಿಲ್ಲ. ಶನಿವಾರ ಬಂದು ಸೋಮವಾರ ಹೋಗ್ತೀನಿ."

"ನಿಮ್ಮಿಷ್ಟ" ಎಂದೆ.

ಮಾರನೆಯ ದಿನ ಬೆಳಿಗ್ಗೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಹೊಸ್ತಿಲ ಹೊರಗೆ ನನಗೆ ಬೆನ್ನು ಮಾಡಿ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಬಹಳ ಹೊತ್ತು ಹಾಕಿಕೊಂಡರು. ಚಪ್ಪಲಿಗೆ ಅಷ್ಟು ಹೊತ್ತು ಬೇಕಿರಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಹಿಂದಿನ ರಾತ್ರಿಯಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹೇಳಿದೆ.

"ಹೋಗ್ಬೇಡಿ."

ಅವರು ತಿರುಗಲಿಲ್ಲ. ಟ್ರಂಕು ಎತ್ತಿಕೊಂಡು ಮೆಟ್ಟಿಲಿಳಿದರು.

ನಾನು ಎರಡನೆಯ ಸಲ ಹೇಳಲಿಲ್ಲ.

ಆಮೇಲಿನ ಎಂಟು ತಿಂಗಳ ದಿನಚರಿಯಲ್ಲಿ ಏನೂ ತಪ್ಪಲಿಲ್ಲ. ಐದಕ್ಕೆ ಎದ್ದೆ, ಆರಕ್ಕೆ ಪೂಜೆ, ಒಂಬತ್ತಕ್ಕೆ ಉಂಡೆ, ಹತ್ತಕ್ಕೆ ಶಾಲೆ. ಸಂಜೆ ಐದೂವರೆಗೆ ಎರಡು ಲೋಟ ಕಾಫಿ ಬೆರೆಸಿದೆ. ಮೊದಲ ವಾರ ಅದು ಕೈಯ ತಪ್ಪು. ಎರಡನೆಯ ವಾರದಿಂದ ತಪ್ಪಲ್ಲ, ಬೇಕೆಂದೇ ಬೆರೆಸಿದ್ದು. ಎರಡೂ ಲೋಟ ತಂದು ಜಗಲಿಯ ಮೇಲಿಟ್ಟು ಕೂರುತ್ತಿದ್ದೆ. ಬೀದಿಯ ಆ ತುದಿಯಲ್ಲಿ ದೇವಸ್ಥಾನದ ಕಡೆಯಿಂದ ಜನ ತಿರುಗಿ ಬರುತ್ತಿದ್ದರು. ಯಾರೋ ಅವರಂತೆಯೇ ಎಡಗೈಗೆ ಚೀಲ ಸುತ್ತಿಕೊಂಡು ಬಂದರೆ ನನ್ನ ಬೆನ್ನು ತಾನೇ ನೆಟ್ಟಗಾಗುತ್ತಿತ್ತು. ಹತ್ತಿರ ಬಂದರೆ ಬೇರೆ ಯಾರೋ. ಆರಿದ ಕಾಫಿಯನ್ನು ನಾನೇ ಕುಡಿಯುತ್ತಿದ್ದೆ. ಚೆಲ್ಲುವುದು ನನ್ನ ಪದ್ಧತಿಯಲ್ಲ.

ಅವರ ಅಂಗಿಗಳಿಗೆ ಎರಕದ ಮರಳಿನ ವಾಸನೆ ಇರುತ್ತಿತ್ತು. ಸುಟ್ಟ ಮಣ್ಣು ಮತ್ತು ಬೆಲ್ಲ ಬೆರೆತಂಥದು. ಮೊದಲು ಅದನ್ನು ಎರಡು ಸಲ ಸೋಪು ಹಾಕಿ ತೆಗೆಯುತ್ತಿದ್ದೆ. ಈಗ ಶನಿವಾರ ತಂದ ಅಂಗಿಯನ್ನು ಬುಧವಾರದವರೆಗೆ ಒಗೆಯದೆ ಬಿಡುತ್ತಿದ್ದೆ. ಇದನ್ನು ಯಾರಿಗೂ ಹೇಳಿಲ್ಲ, ಈಗ ಬರೆದಿದ್ದೇನೆ.

ಕ್ರೇನ್ ಡ್ರೈವರ್ ಮನೆಯಲ್ಲಿ ಫೋನಿತ್ತು. ಬುಧವಾರ ಸಂಜೆ ಏಳಕ್ಕೆ ಎಸ್‌ಟಿಡಿ ಬೂತಿನಿಂದ ಫೋನು ಮಾಡುವುದನ್ನು ರೂಢಿ ಮಾಡಿಕೊಂಡೆ. ಪ್ರತಿ ಸಲವೂ ಡ್ರೈವರೇ ಎತ್ತುತ್ತಿದ್ದರು. ಅವರು ತಮಿಳರು, ಭದ್ರಾವತಿಯಲ್ಲೇ ಹುಟ್ಟಿದ್ದರೂ ಮಾತಿನಲ್ಲಿ ತಮಿಳಿನ ಎಳೆ ಹೋಗಿರಲಿಲ್ಲ.

"ಸಾರ್ ಚೆನ್ನಾಗವ್ರೆ ಅಮ್ಮಾ. ಊಟ ಆಯ್ತು. ಏನ್ ಹೇಳ್ಬೇಕು ಹೇಳಿ, ನಾನು ಹೇಳ್ಬಿಡ್ತೀನಿ."

"ಅವರನ್ನೇ ಕರೀರಿ."

"ಸ್ನಾನಕ್ಕೆ ಹೋಗವ್ರಲ್ಲ."

ಪ್ರತಿ ಬುಧವಾರವೂ ಸರಿಯಾಗಿ ಏಳಕ್ಕೆ ಸ್ನಾನ. ನನಗೆ ಉರಿಯಿತು. ಫೋನಿಗೂ ಬಾರದಷ್ಟು ನಾನು ಬೇಡವಾದೆನೇ? ಐದನೆಯ ವಾರ ಫೋನು ಮಾಡುವುದನ್ನು ಬಿಟ್ಟೆ. ಆದರೆ ಬುಧವಾರ ಏಳಕ್ಕೆ ಬೂತಿನ ಮುಂದೆ ಹಾದುಹೋಗುವುದನ್ನು ಬಿಡಲಾಗಲಿಲ್ಲ.

ಡಿಸೆಂಬರಿನಲ್ಲಿ ನಮ್ಮ ಶಾಲೆಯ ಶಿಕ್ಷಕರೆಲ್ಲ ಕುಟುಂಬ ಸಮೇತ ಸಕ್ರೆಬೈಲಿಗೆ ಹೊರಟರು. ಭಾನುವಾರವಾದ್ದರಿಂದ ಅವರೂ ಬಂದರು. ಬೆಳಗಿನ ಹೊತ್ತು ಆನೆಗಳನ್ನು ತುಂಗೆಗೆ ಇಳಿಸಿ ಸ್ನಾನ ಮಾಡಿಸುವುದನ್ನು ನೋಡುವುದು, ಆಮೇಲೆ ತಂದ ಚಿತ್ರಾನ್ನ ತಿನ್ನುವುದು. ನಾನು ದಡದ ಮೇಲಿನ ಮರದ ಕೆಳಗೆ ಎಲೆ ಹಾಕುತ್ತಿದ್ದೆ. ಅವರು ಸ್ವಲ್ಪ ಕೆಳಗೆ, ಆನೆಗಳು ಹತ್ತಿ ಇಳಿಯುವ ದಾರಿಯಲ್ಲಿ ನದಿಯ ಕಡೆ ಮುಖ ಮಾಡಿ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

ಮೇಲಿನಿಂದ ಒಂದು ಆನೆ ಇಳಿದು ಬಂತು. ಕಾಲಿನ ಸರಪಳಿ ಕಲ್ಲಿಗೆ ತಾಗಿ ಝಲ್ ಝಲ್ ಎನ್ನುತ್ತಿತ್ತು. ಮಾವುತ ಮೇಲಿಂದ ಕೂಗಿದ.

"ಬಾಜೂ, ಬಾಜೂ! ಅಣ್ಣಾ, ಸರೀರಿ!"

ಎಲ್ಲರೂ ಸರಿದರು. ಅವರು ಮಾತ್ರ ಸರಿಯಲಿಲ್ಲ. ಮಾವುತ ಮತ್ತೆ ಕೂಗಿದ. ಅವರ ಹೆಗಲು ಕೂಡ ಅಲುಗಲಿಲ್ಲ. ನದಿಯನ್ನು ನೋಡುತ್ತ ನಿಂತೇ ಇದ್ದರು. ಆನೆ ಅವರ ಬೆನ್ನಿಗೆ ನಾಲ್ಕು ಮೊಳ ದೂರದಲ್ಲಿ ತಾನೇ ನಿಂತಿತು. ಎದುರಿಗಿದ್ದವರ ಮುಖ ನೋಡಿ ಅವರು ತಿರುಗಿದರು.

"ಏನ್ ಮಾರಾಯ, ಕಿವಿ ಕೇಳಲ್ವಾ ನಿಂಗೆ?" ಎಂದು ಮಾವುತ ಬೈದ.

ಅವರು ನಗುತ್ತ ಪಕ್ಕಕ್ಕೆ ಬಂದರು. ನಮ್ಮ ಹಿಂದಿ ಟೀಚರ್ ಎಲ್ಲರಿಗೂ ಕೇಳುವಂತೆ, "ನೋಡಿ, ಇವರು ಆನೆಗೂ ಹೆದರಲ್ಲ. ಹೆದರೋದು ನಮ್ಮ ಒಂದ್ಸಲ ಟೀಚರಿಗೊಬ್ರಿಗೇ!" ಎಂದರು. ಎಲ್ಲರೂ ನಕ್ಕರು. ಅವರೂ ನಕ್ಕರು, ಎಲ್ಲರ ಬಾಯಿ ನೋಡಿ, ಒಂದು ಕ್ಷಣ ತಡವಾಗಿ.

ಆ ಒಂದು ಕ್ಷಣವನ್ನು ನಾನು ನೋಡಿದೆ. ಇಪ್ಪತ್ತು ವರ್ಷ ತರಗತಿಯಲ್ಲಿ ನಿಂತವಳಿಗೆ ಆ ಮುಖ ಗೊತ್ತು. ಪ್ರಶ್ನೆ ಅರ್ಥವಾಗದೆ ಪಕ್ಕದವನನ್ನು ನೋಡಿ ಕೈ ಎತ್ತುವ ಮಗುವಿನ ಮುಖ ಅದು. ಆಮೇಲೆ ಅವರು ನನ್ನ ಕಡೆ ನೋಡಿದರು. ನಾನು ನೋಡಿದೆನೋ ಎಂದು ನೋಡಿದರು. ನಾನು ಬಗ್ಗಿ ಎಲೆಗೆ ನೀರು ಚಿಮುಕಿಸಿದೆ.

ಚಪ್ಪಲಿ ಹಾಕಿಕೊಳ್ಳುತ್ತಿದ್ದ ಆ ಬೆನ್ನು ಕಣ್ಣ ಮುಂದೆ ಬಂದಿತ್ತು. 'ಹೋಗ್ಬೇಡಿ' ಎಂದು ನಾನು ಹೇಳಿದ್ದು ಅಂಥ ಒಂದು ಬೆನ್ನಿಗೆ.

ಅಂದು ಸಂಜೆ ಕೇಳಿಬಿಡಬಹುದಿತ್ತು. ನಿಮಗೆ ಕಿವಿ ಕೇಳುವುದಿಲ್ಲವೇ, ಎಷ್ಟು ವರ್ಷವಾಯಿತು, ಯಾಕೆ ಮುಚ್ಚಿಟ್ಟಿರಿ? ನಾನು ಪ್ರಶ್ನೆ ಕೇಳುವ ಧಾಟಿ ನನಗೇ ಗೊತ್ತು. ಅದಕ್ಕೆ ಎದ್ದು ನಿಂತು ಉತ್ತರಿಸಬೇಕಾಗುತ್ತದೆ. ಅವರು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದನ್ನು ಬೆಂಚಿನ ಮೇಲೆ ನಿಲ್ಲಿಸಲು ಮನಸ್ಸು ಬರಲಿಲ್ಲ. ಮೊದಲು ನಾನು ಪಾಠ ಓದಿಕೊಳ್ಳಬೇಕಿತ್ತು.

ಮುಂದಿನ ಗುರುವಾರ ಶಾಲೆಗೆ ರಜೆ. ಬೆಳಿಗ್ಗೆ ಏಳಕ್ಕೆ ಹತ್ತಿಯನ್ನು ಕರಗಿದ ಮೇಣದಲ್ಲಿ ಅದ್ದಿ, ಆರಿಸಿ, ಎರಡೂ ಕಿವಿಗೆ ಒತ್ತಿಕೊಂಡೆ. ಸಂಜೆ ಏಳರವರೆಗೆ ತೆಗೆಯಬಾರದು ಎಂದು ನಿಯಮ ಮಾಡಿಕೊಂಡೆ. ಹಾಲಿನವನು ಬಂದು ಹೋದದ್ದು ತಿಳಿಯಲಿಲ್ಲ. ಕುಕ್ಕರಿನ ಎದುರು ನಿಂತು ಅದರ ತಲೆಯನ್ನೇ ನೋಡುತ್ತ ಸೀಟಿ ಎಣಿಸಿದೆ. ಹತ್ತಕ್ಕೆ ಗಾಂಧಿ ಬಜಾರಿಗೆ ಹೋದೆ. ಹೂವಿನವಳು ಏನೋ ಕೇಳಿದಳು. ಮೊದಲ ಸಲ "ಏನು?" ಎಂದೆ. ಅವಳು ಮತ್ತೆ ಹೇಳಿದಳು. ಮತ್ತೆ "ಏನು?" ಎಂದಾಗ ಅವಳ ಹುಬ್ಬು ಗಂಟಾಯಿತು, ಹಿಂದೆ ನಿಂತಿದ್ದವರು ಮುಂದಕ್ಕೆ ಬಂದರು. ಮೂರನೆಯ ಸಲ ನಾನು ನಕ್ಕು "ಹೂಂ" ಎಂದೆ. ಅವಳು ಇನ್ನೇನೋ ಕೇಳಿದಳು. "ಹೂಂ" ಎಂದೆ. ಐದು ಮಾರು ಸೇವಂತಿಗೆ ಹೊತ್ತು ಮನೆಗೆ ಬಂದೆ.

ಬಾಗಿಲಲ್ಲಿ ನಿಂತು ಐದು ಮಾರು ಹೂವನ್ನು ನೋಡಿದಾಗ ಆ 'ಹೂಂ' ಏನೆಂದು ಗೊತ್ತಾಯಿತು. ಅದು ಅಸಡ್ಡೆಯಲ್ಲ. ಮೂರನೆಯ ಸಲ "ಏನು?" ಎನ್ನಲು ಆಗದವನ ಮರ್ಯಾದೆ. ನಮ್ಮ ಮನೆಯಲ್ಲಂತೂ ಎರಡನೆಯ ಸಲ ಕೇಳಲೂ ಅವರಿಗೆ ಅಪ್ಪಣೆ ಇರಲಿಲ್ಲ.

ಇನ್ನೊಂದನ್ನು ನಾನು ಎಣಿಸಿರಲಿಲ್ಲ. ಅದು ಆಯಾಸ. ಎಲ್ಲರ ಮುಖವನ್ನೂ ಓದಿ ಓದಿ ಮಧ್ಯಾಹ್ನದ ಹೊತ್ತಿಗೆ ಕಣ್ಣು ಸುಡುತ್ತಿತ್ತು. ಎರಡಕ್ಕೆ ಚಾಪೆ ಹಾಸಿ ಮಲಗಿಬಿಟ್ಟೆ. ಜ್ವರವಿಲ್ಲದೆ ನಾನು ಹಗಲು ಮಲಗಿದ್ದು ಅದೇ ಮೊದಲು. ಅವರು ಇಡೀ ದಿನ ಹೀಗೆ ಕಳೆದು, ಬಸ್ಸಿನಲ್ಲಿ ಬಂದು, ಜಗಲಿಯಲ್ಲಿ ಕೂತರೆ ಅಲ್ಲಿ ನಾನಿರುತ್ತಿದ್ದೆ, ಒಂದೇ ಸಲ ಹೇಳುವವಳು. ರೂಮು ಹಿಡಿಯದೆ ಇನ್ನೇನು ಮಾಡುತ್ತಾರೆ?

ಶನಿವಾರ ಬೆಳಗಿನ ಶಾಲೆ ಮುಗಿಸಿ ಭದ್ರಾವತಿಯ ಬಸ್ಸು ಹತ್ತಿದೆ. ಅವರ ಪಾಳಿ ಮುಗಿಯುವ ಮೊದಲೇ ಓಲ್ಡ್ ಟೌನ್ ತಲುಪಿದೆ. ಕ್ರೇನ್ ಡ್ರೈವರಿಗೆ ಅಂದು ರಜೆ ಎಂದು ವಿಚಾರಿಸಿಕೊಂಡೇ ಹೋಗಿದ್ದೆ. ಅವರು ಬನಿಯನ್ನಿನಲ್ಲಿ ಕೂತು ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದರು. ನನ್ನನ್ನು ಕಂಡು ಗಾಬರಿಯಿಂದ ಎದ್ದು ಟವೆಲು ಹೊದ್ದರು.

"ಬುಧವಾರ ಏಳಕ್ಕೆ ಸ್ನಾನ ಇರ್ತಿರಲಿಲ್ಲ ಅಲ್ವಾ?" ಎಂದೆ.

ಅವರು ಎಣ್ಣೆಯ ಡಬ್ಬಿ ಕೆಳಗಿಟ್ಟರು. "ಅಯ್ಯೋ ಮುರುಗಾ. ಗೊತ್ತಾಗೋಯ್ತಾ?"

"ಎಷ್ಟು ವರ್ಷ?"

"ಎಡಗಿವಿ ಹೋಗಿ ಮೂರು ನಾಕು ವರ್ಷ. ಬಲಗಡೆ ಸ್ವಲ್ಪ ಐತೆ. ಎದುರ್ಗಡೆ ನಿಂತು ಹೇಳಿದ್ರೆ ಬಾಯಿ ನೋಡಿ ತಿಳ್ಕೊತಾರೆ. ಕತ್ತಲೆ, ಬೆನ್ನು, ಫೋನು, ಈ ಮೂರು ಆಗಲ್ಲ. ಯಾರಿಗೂ ಹೇಳ್ಬೇಡ ಅಂತ ನನ್ ಕೈಲಿ ಆಣೆ ಇಡ್ಸವ್ರೆ. ಗೊತ್ತಾದ್ರೆ ಕ್ರೇನ್ ಕೆಳಗಿಂದ ತೆಗೆದು ಸ್ಟೋರಿಗೆ ಹಾಕ್ತಾರೆ ಅಂತ ಭಯ."

"ಕೆಲಸ ಮಾಡೋಕೆ ಆಗುತ್ತಾ?"

"ಕೆಲಸ ಬಿಡಿ ಅಮ್ಮಾ, ಅವರ ಕೈ ಇದ್ರೆ ನಂಗೆ ಮೈಕೇ ಬೇಡ. ಇಷ್ಟಗಲ ಅಚ್ಚಿಗೆ ಒಂದ್ ತೊಟ್ಟು ಚೆಲ್ದೆ ಇಳಿಸ್ತಾರೆ. ಆದ್ರೆ ಹಿಂದ್ಗಡೆಯಿಂದ ಬರೋದು ಕಾಣ್ಸಲ್ಲ ನೋಡಿ. ನಾನು ಮೇಲಿಂದ ಅವರ ಬೆನ್ನು ಕಾಯ್ಕೊಂಡು ಕೂತಿರ್ತೀನಿ. ನಂಗೂ ಮುಂದಿನ ವರ್ಷ ರಿಟೈರು."

ನಾನು ಕೇಳಿದೆ: "ಆ ಕೈಸನ್ನೆ ನಂಗೆ ಕಲಿಸಿಕೊಡ್ತೀರಾ?"

"ನಿಮಗಾ? ಯಾಕೆ, ಸ್ಕೂಲಲ್ಲಿ ಕ್ರೇನ್ ಹಾಕ್ಸಿದೀರಾ?"

"ಕಲಿಸಿ. ಅರ್ಥ ಆಗ್ದೆ ಇದ್ರೆ ಎರಡನೇ ಸಲ ಕೇಳ್ತೀನಿ."

ಅಂಗಳದಲ್ಲಿ ನಿಂತು ಒಂದು ಗಂಟೆ ಕಲಿತೆ. ಡ್ರೈವರ್ ಹೆಂಡತಿ ಬಾಗಿಲಲ್ಲಿ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದರು. ತೋರುಬೆರಳನ್ನು ಮೇಲೆ ಮಾಡಿ ಸುತ್ತಿದರೆ ಎತ್ತು. ಕೆಳಗೆ ಮಾಡಿ ಸುತ್ತಿದರೆ ಇಳಿಸು. ಆ ಕೈಯ ಮೇಲೆ ಇನ್ನೊಂದು ಅಂಗೈಯನ್ನು ಅಲುಗದಂತೆ ಹಿಡಿದರೆ ನಿಧಾನ. ತೋಳು ಚಾಚಿ ಅಂಗೈಯನ್ನು ನೆಲಕ್ಕೆ ಮಾಡಿ ಆಡಿಸಿದರೆ ನಿಲ್ಲಿಸು. ಕೊನೆಯದು, ಎರಡೂ ಕೈಯ ಬೆರಳು ಹೆಣೆದು ಎದೆಯ ಮುಂದೆ ಹಿಡಿಯುವುದು.

"ಇದು ನಿಲ್ಲಿಸು ಅಲ್ಲ ಅಮ್ಮಾ. ಎಲ್ಲಾ ಹೆಂಗಿದೆಯೋ ಹಂಗೇ ಹಿಡ್ಕೊಂಡಿರು, ಬಿಡ್ಬೇಡ, ನಾನು ಬರ್ತೀನಿ ಅಂತ. ಭಾರ ಮೇಲೆ ಇದ್ದಾಗ ಕೆಳಗಿನವನು ಒಂದು ನಿಮಿಷ ಆಚೆ ಹೋಗ್ಬೇಕಾದ್ರೆ ಇದನ್ನ ತೋರಿಸಿ ಹೋಗ್ತಾನೆ."

ಅದನ್ನು ಮಾತ್ರ ಮೂರು ಸಲ ಮಾಡಿಸಿಕೊಂಡೆ. ನಾನು ಬಂದದ್ದನ್ನು ಅವರಿಗೆ ಹೇಳಬೇಡಿ ಎಂದು ಕೇಳಿಕೊಂಡು ಮೂರೂವರೆಯ ಬಸ್ಸಿಗೆ ವಾಪಸಾದೆ.

ಅಂದು ಸಂಜೆ ಅವರು ಮನೆಗೆ ಬಂದರು. ಎಂದಿನಂತೆ ಕಾಫಿ, ಪೇಪರು. ಮಾರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಜಾಗ ಬದಲಿಸಿದೆ. ಯಾವಾಗಲೂ ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದವಳು, ಬೆಳಕು ಮುಖಕ್ಕೆ ಬೀಳುವ ಹಾಗೆ ಅವರ ಎದುರು ಕೂತೆ. ಅವರು ನನಗೆ ಸಾರು ಬಡಿಸಲು ಸೌಟು ಎತ್ತಿದರು. ನಾನು ತೋರುಬೆರಳು ಕೆಳಗೆ ಮಾಡಿ ಸುತ್ತಿದೆ. ಮೇಲೆ ಇನ್ನೊಂದು ಅಂಗೈ ಹಿಡಿದೆ. ನಿಧಾನ ಇಳಿಸು.

ಸೌಟು ಗಾಳಿಯಲ್ಲೇ ನಿಂತಿತು.

ನಾನು ತೋಳು ಚಾಚಿ ಅಂಗೈ ಆಡಿಸಿದೆ. ಸಾಕು, ನಿಲ್ಲಿಸು. ಸಾರು ಇನ್ನೂ ಬಿದ್ದೇ ಇರಲಿಲ್ಲ.

ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಮುಖದಲ್ಲಿ ಮೊದಲು ಬಂದದ್ದು ಹೆದರಿಕೆ. ಸಿಕ್ಕಿಬಿದ್ದವರ ಹೆದರಿಕೆ. ಅದನ್ನು ನೋಡಲು ನನಗೆ ಬಹಳ ಕಷ್ಟವಾಯಿತು. ಆಮೇಲೆ ತುಟಿ ಒಂದು ಕಡೆಗೆ ಜಾರಿತು.

"ನಿಲ್ಲಿಸು ಅನ್ನೋವಾಗ ಮೊಣಕೈ ಮಡಿಸ್ಬಾರ್ದು" ಎಂದರು. "ಯಾರು ಹೇಳ್ಕೊಟ್ಟಿದ್ದು?"

"ನಿಮ್ಮ ಡ್ರೈವರು."

"ಬೋಳಿಮಗ, ಆಣೆ ಇಟ್ಟಿದ್ದ."

"ಅವರು ಹೇಳಿಲ್ಲ. ಆನೆ ಹೇಳ್ತು."

ಅವರು ಸೌಟನ್ನು ಪಾತ್ರೆಗೆ ಇಟ್ಟರು. ಬಹಳ ಹೊತ್ತು ತಟ್ಟೆ ನೋಡುತ್ತ ಕೂತರು. ತಲೆ ತಗ್ಗಿಸಿದವರಿಗೆ ಹೇಳಿ ಪ್ರಯೋಜನವಿಲ್ಲ ಎಂದು ಈಗ ನನಗೆ ಗೊತ್ತಿತ್ತು. ಅವರೇ ತಲೆ ಎತ್ತುವವರೆಗೆ ಕಾದೆ. ಎತ್ತಿದಾಗ, ಬಾಯಿ ಕಾಣುವ ಹಾಗೆ, ಅವಸರವಿಲ್ಲದೆ ಹೇಳಿದೆ.

"ಹೋಗ್ಬೇಡಿ."

"ನಾಳೆ ಬೆಳಿಗ್ಗೆ ತಾನೇ ಹೋಗೋದು."

"ನಾಳೇದಲ್ಲ. ಟ್ರಂಕು ತಗೊಂಡು ಹೋದ್ರಲ್ಲ, ಆ ದಿನ ಹೇಳಿದ್ದೆ. ಚಪ್ಪಲಿ ಹಾಕ್ಕೊಳ್ತಿದ್ರಿ. ಈಗ ಎರಡನೇ ಸಲ ಹೇಳ್ತಿದೀನಿ. ಹೋಗ್ಬೇಡಿ."

ಅವರ ಕಣ್ಣು ನನ್ನ ತುಟಿಯಿಂದ ಕಣ್ಣಿಗೆ ಬಂತು.

"ಹೇಳಿದ್ಯಾ?" ಎಂದರು. "ನೀನು ಏನಾದ್ರೂ ಹೇಳ್ತೀಯ ಅಂತಲೇ ಅಷ್ಟು ಹೊತ್ತು ಚಪ್ಪಲಿ ಹಾಕ್ಕೊಂಡಿದ್ದು ನಾನು. ಏನೂ ಹೇಳ್ಲಿಲ್ಲ ಅಂದ್ಕೊಂಡು ಹೋದೆ."

ಸಾರು ಆರಿತು. ಇಬ್ಬರಿಗೂ ಉಣ್ಣಲಾಗಲಿಲ್ಲ. ಆ ಎಂಟು ತಿಂಗಳು ಎರಡು ಊರುಗಳಲ್ಲಿ ಇಬ್ಬರೂ ಒಂದೇ ಮಾತಿಗಾಗಿ ಕಾದಿದ್ದೆವು. ಮಾತು ಹೊಸ್ತಿಲಲ್ಲೇ ಬಿದ್ದಿತ್ತು. ಬಗ್ಗಿ ಎತ್ತಿಕೊಡುವಷ್ಟು ಕೆಲಸ ನನ್ನದಾಗಿತ್ತು, ನಾನು ಮಾಡಿರಲಿಲ್ಲ.

ಅವರು ಮಾರನೆಯ ದಿನವೇ ಹಿಂದಿರುಗಿದರು ಎಂದು ಬರೆದರೆ ಸುಳ್ಳಾಗುತ್ತದೆ. ಕ್ರೇನಿನ ಕೆಳಗಿನ ಜಾಗವನ್ನು ತಾವಾಗಿ ಬಿಡಲು ಅವರಿಗೆ ಆರು ತಿಂಗಳು ಬೇಕಾಯಿತು. ನಾನು ಒತ್ತಾಯ ಮಾಡಲಿಲ್ಲ. ನನ್ನ ಭಯ ಏನೆಂದು ಹೇಳಿದೆ, ಹಲವು ಸಲ ಹೇಳಿದೆ, ಬೆಳಕಿನಲ್ಲಿ ಕೂತು. ಕೊನೆಗೆ ಅವರೇ ಮೇಲಿನವರ ಹತ್ತಿರ ಹೋಗಿ ಕಿವಿಯ ವಿಷಯ ಹೇಳಿ, ಮರದ ಅಚ್ಚುಗಳನ್ನು ಇಡುವ ಸ್ಟೋರಿಗೆ ಬದಲಾದರು. ಕ್ರೇನಿನ ಕೆಳಗೆ ನಿಂತ ಕೊನೆಯ ದಿನ, ಡ್ರೈವರ್ ಖಾಲಿ ಕೊಕ್ಕೆಯನ್ನು ಅವರ ಮುಂದೆ ಇಳಿಸಿ ಸಲಾಮು ಹೊಡೆಯುವಂತೆ ತೂಗಿಸಿದರಂತೆ. ಅದನ್ನು ಹೇಳುವಾಗ ಅವರ ಕೈಗಳು ತೊಡೆಯ ಮೇಲೆ ಸುಮ್ಮನಿರಲಿಲ್ಲ. ಆ ಕೆಲಸ ಬಿಡಿಸಿದವಳು ನಾನೇ ಎಂಬ ನೋವು ನನಗಿದೆ. ಅವರಿಗೆ ಅದು ಕೇವಲ ಕೆಲಸವಾಗಿರಲಿಲ್ಲ. ಅವರು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದ ಒಂದೇ ಜಾಗವಾಗಿತ್ತು.

ಆ ಆರು ತಿಂಗಳ ಸೋಮವಾರಗಳು ನನಗೆ ಮದುವೆಯ ಮೊದಲ ವರ್ಷಕ್ಕಿಂತ ಹೆಚ್ಚು ನೆನಪಿವೆ. ಆರಕ್ಕೆ ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದೆವು. ಅವರು ಕಿಟಕಿಯ ಸೀಟು ಹಿಡಿಯುತ್ತಿದ್ದರು. ಇಂಜಿನ್ನಿನ ಸದ್ದು, ಕಂಡಕ್ಟರನ ಕೂಗು, ಕೆಳಗೆ ನಿಂತ ಹೆಂಗಸರು "ಔಷಧಿ ಮರೀಬೇಡಿ", "ಮುಟ್ಟಿದ್ ತಕ್ಷಣ ಫೋನ್ ಮಾಡಿ" ಎಂದು ಅರಚುವುದು. ನನಗೆ ಅರಚಬೇಕಾಗಿರಲಿಲ್ಲ. ಬಸ್ಸು ಅಲುಗಿದ ಕೂಡಲೇ ತೋಳು ಚಾಚಿ, ಮೊಣಕೈ ಮಡಿಸದೆ, ಅಂಗೈ ಆಡಿಸುತ್ತಿದ್ದೆ. ನಿಲ್ಲಿಸು. ಗಾಜಿನ ಆಚೆ ಅವರು ನಕ್ಕು, ಎರಡೂ ಕೈಯ ಬೆರಳು ಹೆಣೆದು ಎದೆಯ ಮುಂದೆ ಹಿಡಿಯುತ್ತಿದ್ದರು. ಹೇಗಿದೆಯೋ ಹಾಗೇ ಹಿಡಿದುಕೊಂಡಿರು, ಬರ್ತೀನಿ. ಶನಿವಾರದವರೆಗೆ ನಾನು ಆ ಭಾರವನ್ನು ಚೆಲ್ಲದೆ ಹಿಡಿದಿರುತ್ತಿದ್ದೆ.

ಆಮೇಲೆ ಅವರು ಟ್ರಂಕು ತಂದರು. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಮತ್ತೆ ಜಗಲಿ, ಎರಡು ಲೋಟ ಕಾಫಿ. "ಏನ್ ಮಾರಾಯ್ತಿ, ಇವತ್ತು ಎಷ್ಟು ಜನ?" ನಾನು ಬೆರಳು ಎತ್ತಿ ತೋರಿಸುತ್ತಿದ್ದೆ. ಆ ಬೆರಳುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಒಂದು ಮಾತನ್ನು ಮೂರು ಸಲ, ನಾಲ್ಕು ಸಲ ಹೇಳಿದೆ. ಕೆಲವು ದಿನ ಬೇಸರದಿಂದಲೇ ಹೇಳಿದೆ. ಎಲ್ಲ ದಿನವೂ ಒಳ್ಳೆಯವಳಾಗಿದ್ದೆ ಎನ್ನಲಾರೆ.

ಅವರು ಹೋಗಿ ಈಗ ಬಹಳ ವರ್ಷಗಳಾದವು. ಐದಕ್ಕೆ ಏಳುವುದು ತಪ್ಪಿಲ್ಲ. ಬೆಳಗಿನ ನಡಿಗೆಗೆ ನಾನು ಬಸ್ ಸ್ಟ್ಯಾಂಡಿನ ಕಡೆಗೇ ಹೋಗುತ್ತೇನೆ. ಮೊನ್ನೆ ಭದ್ರಾವತಿಯ ಬಸ್ಸೊಂದು ಅಲುಗಿದಾಗ ಕೈ ತಾನೇ ಮುಂದೆ ಹೋಯಿತು. ಮೊಣಕೈ ಮಡಿಸಿರಲಿಲ್ಲ. ಬಸ್ಸು ನಿಂತೇಬಿಟ್ಟಿತು. ಕಂಡಕ್ಟರ್ ಬಾಗಿಲಿಂದ ಬಗ್ಗಿದ.

"ಭದ್ರಾವತೀನಾ ಅಜ್ಜಿ? ಬೇಗ ಹತ್ತಿ."

"ನಾನು ಬರಲ್ಲಪ್ಪ" ಎಂದೆ.

ಇಂಜಿನ್ನಿನ ಸದ್ದಿಗೆ ಅವನಿಗೆ ಕೇಳಲಿಲ್ಲ. ಕಿವಿಗೆ ಕೈ ಹಚ್ಚಿ "ಏನು?" ಎಂದ. ನಾನು ಎರಡು ಹೆಜ್ಜೆ ಮುಂದೆ ಹೋಗಿ, ಮುಖ ಕಾಣುವ ಹಾಗೆ ತಲೆಯೆತ್ತಿ, ಮತ್ತೆ ಹೇಳಿದೆ.